ಅವ್ವನ ಜತೆ ಎರಡು ಬೆಟ್ಟ, ಬರೀ ಬಸ್ಸಲ್ಲಿ

"ಅವ್ವುನ್ನ ಬಸ್ಸಲ್ಲಿ ಮಾದಪ್ಪನ ಬೆಟ್ಟಕ್ ಕರ್ಕೊಂಡೋಯ್ತೀಯಾ? ತಾಳಬೆಟ್ಟ ದಾಟೋದ್ರೊಳಗೆ ವಾಪಸ್ ಬತ್ತೀಯ, ನೋಡ್ಲಾ ಬೇಕಾದ್ರೆ."

ಇದು ನಮ್ಮ ಭಾವನ ಮಾತು. ತಾಳಬೆಟ್ಟ ಅಂದರೆ ಮಾದಪ್ಪನ ಬೆಟ್ಟದ ತಿರುವುಗಳು ಶುರುವಾಗುವ ಜಾಗ. ಅವರ ಹತ್ತಿರ ಕಾರಿದೆ, ಅದಕ್ಕೇ ಬಸ್ಸು ಅಂದರೆ ನಗು. ಅವ್ವನಿಗೆ 74. ಮಂಡಿ ನೋವು ಹೇಗೋ ತಡೆದುಕೊಳ್ಳುತ್ತಾರೆ. ತೊಂದರೆ ಇರುವುದು ವಾಂತಿಯದು. ಚಾಮುಂಡಿ ಬೆಟ್ಟದ ತಿರುವಿಗೇ ಸೆರಗು ಬಾಯಿಗೆ ಹೋಗುತ್ತೆ. ಅಂಥವರನ್ನು ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ (ಅದೇ ಮಾದಪ್ಪನ ಬೆಟ್ಟ) ಎರಡಕ್ಕೂ ಬಸ್ಸಲ್ಲೇ ಕರೆದುಕೊಂಡು ಹೋಗಿ ಬಂದೆ. ಒಂದು ಸಲವೂ ವಾಂತಿ ಆಗಲಿಲ್ಲ. ಅದು ಮೂರನೇ ಪ್ರಯತ್ನ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಮೊದಲ ಸಲ ಬಾಡಿಗೆ ಕಾರು ಮಾಡಿದ್ದೆ. ಒಂದೇ ದಿನದಲ್ಲಿ ಎರಡೂ ಬೆಟ್ಟ ಅನ್ನುವ ದುರಾಸೆ. ಮಂಡ್ಯ ಬಿಟ್ಟಾಗಲೇ ಒಂಬತ್ತಾಗಿತ್ತು. ಮಾದಪ್ಪನ ಬೆಟ್ಟದ ತಿರುವಲ್ಲಿ ನಾಲ್ಕು ಸಲ ಕಾರು ನಿಲ್ಲಿಸಿದೆವು. ದರ್ಶನ ಮುಗಿಸಿ ಇಳಿದು ಬಿಳಿಗಿರಿರಂಗನ ಬೆಟ್ಟದ ಚೆಕ್‌ಪೋಸ್ಟ್‌ಗೆ ಬಂದರೆ ಕತ್ತಲು. ಕಾಡಿನ ರಸ್ತೆ, ಯಾರು ಬಿಡ್ತಾರೆ? 6,500 ರೂಪಾಯಿ ಕೊಟ್ಟು ಅರ್ಧ ಯಾತ್ರೆ.

ಎರಡನೇ ಸಲ ಬಸ್ಸು. ಆದರೆ ಹೋಗಿದ್ದು ಅಮಾವಾಸ್ಯೆ ದಿನ, ಮಾದಪ್ಪನ ಬೆಟ್ಟಕ್ಕೆ ಜನ ಮುಗಿಬೀಳುವ ದಿನ. ಇದಕ್ಕಿಂತ ದಡ್ಡತನ ಇಲ್ಲ, ನಿಮಗೆಲ್ಲ ಗೊತ್ತಿರೋದೇ. ಹನೂರಿನಿಂದ ಮುಂದಕ್ಕೆ ಅವ್ವ ಇಂಜಿನ್ ಪಕ್ಕದ ಬಿಸಿಯಲ್ಲಿ ಕೂತು ಹೋದರು. ಬಸ್ಸಿನ ತುಂಬ "ಉಘೇ ಮಾದಪ್ಪ ಉಘೇ" ಕೂಗು, ಅವ್ವನ ಕೈಲಿ ಪ್ಲಾಸ್ಟಿಕ್ ಕವರ್. ಖರ್ಚು 1,500 ಆಗಿರಬೇಕು. ವಾಪಸ್ ಬಂದ ಮೇಲೆ ನಾಲ್ಕು ದಿನ ಜ್ವರ, ಡಾಕ್ಟರು, ಇಂಜೆಕ್ಷನ್ ಅಂತ ಇನ್ನೂ 900.

ಈ ಮಧ್ಯೆ ನಾನೇ ಪ್ರಯೋಗ ಮಾಡಿದೆ. ಮಂಡ್ಯದಿಂದ ಮೈಸೂರಿಗೆ ಹೋಗಿ, ಅಲ್ಲಿಂದ ಚಾಮುಂಡಿ ಬೆಟ್ಟ ಹತ್ತಿ ಇಳಿಯುವುದು. ನಿಂಬೆಹಣ್ಣು ಮೂಸುವುದು ಪೂರ್ತಿ ಫೇಲ್. ಈಗ ನಿಂಬೆಹಣ್ಣು ಕಂಡರೇ ಅವ್ವನಿಗೆ ಹೊಟ್ಟೆ ತೊಳೆಸುತ್ತೆ. ಮಾತ್ರೆ ಕೆಲಸ ಮಾಡಿತು, ಆದರೆ ನಿದ್ದೆಗಣ್ಣಲ್ಲಿ ಮೆಟ್ಟಿಲು ಇಳಿಸೋದು ನನ್ನ ಪಾಲಿಗೆ ಬಂತು. ಒಣ ಶುಂಠಿ ಪರವಾಗಿಲ್ಲ. ಕೊನೆಗೆ ಗೆದ್ದಿದ್ದು ಬೇರೆ. ಬೆಳಗ್ಗೆ ಐದೂವರೆಗೆ ಒಂದೂವರೆ ರಾಗಿ ರೊಟ್ಟಿ, ಕಾಫಿ ಬೇಡ. ಮುಂದಿನ ಹೆಂಗಸರ ಸೀಟು, ಕಣ್ಣು ಎದುರಿನ ರಸ್ತೆ ಮೇಲೆ. ಡ್ರೈವರ್ ಸ್ಟೇರಿಂಗ್ ಯಾವ ಕಡೆ ತಿರುಗಿಸುತ್ತಾನೋ ಆ ಕಡೆಗೇ ತಲೆ ವಾಲಿಸಬೇಕು. ನಾವು ಸಾಮಾನ್ಯವಾಗಿ ಉಲ್ಟಾ ಕಡೆಗೆ ಎಸೆದುಹೋಗುತ್ತೇವೆ, ಅಲ್ವಾ? ಗುಟ್ಟು ಅದರಲ್ಲೇ ಇದೆ.

ಇನ್ನೊಂದು, ಮೂರನೇ ಸಲ ಬೆಟ್ಟದ ಮೇಲೆ ಉಳಿಯಲಿಲ್ಲ. ಕೊಳ್ಳೇಗಾಲದಲ್ಲಿ ರೂಮು ಮಾಡಿ ಸಾಮಾನೆಲ್ಲ ಅಲ್ಲೇ ಬಿಟ್ಟು, ದಿನಕ್ಕೊಂದು ಬೆಟ್ಟ. ಮೊದಲು ಬಿಳಿಗಿರಿ, ಆಮೇಲೆ ಮಲೆ. ಹೊಟ್ಟೆಗೂ ಅಭ್ಯಾಸ ಆಗಬೇಕಲ್ಲ.

ಮಂಗಳವಾರ ಯಳಂದೂರಿನಲ್ಲಿ ಬಸ್ಸು ಬದಲಿಸುವಾಗ ಮುಕ್ಕಾಲು ಗಂಟೆ ಸಿಕ್ಕಿತು. ಗೌರೀಶ್ವರ ದೇವಸ್ಥಾನದ ಬಳೆ ಮಂಟಪ ನೋಡಿದೆವು. ಕಲ್ಲಲ್ಲೇ ಕೆತ್ತಿದ ಬಳೆಗಳು, ಒಂದರೊಳಗೊಂದು ಸರಪಳಿ ಥರ ನೇತಾಡುತ್ತವೆ. ಅವ್ವ ತಮ್ಮ ಕೈಬಳೆ ಒಮ್ಮೆ ನೋಡಿಕೊಂಡರು, ಕಲ್ಲಿನದು ಒಮ್ಮೆ. "ಇದ್ಕೆ ಬೆಸುಗೇನೇ ಇಲ್ವಲ್ಲ" ಅಂದರು.

ಬಿಳಿಗಿರಿಯ ರಂಗಪ್ಪನ ಗುಡಿಯ 150ರ ಹತ್ತಿರದ ಮೆಟ್ಟಿಲನ್ನು ಹತ್ತತ್ತಕ್ಕೆ ಕೂತು ಹತ್ತಿದರು. ದೇವರ ದೊಡ್ಡ ಚರ್ಮದ ಚಪ್ಪಲಿಯನ್ನು ತಲೆಗೆ ಮುಟ್ಟಿಸಿಕೊಂಡ ಮೇಲೆ ಮಂಡಿ ನೋವಿನ ಮಾತೇ ಎತ್ತಲಿಲ್ಲ. ಕೆಳಗೆ ಜೇನು ಮಾರುತ್ತಿದ್ದ ಸೋಲಿಗರ (ಈ ಕಾಡಿನ ಬುಡಕಟ್ಟಿನವರು) ಅಜ್ಜಿಯ ಜತೆ ಮಾತಿಗೆ ಕೂತರು. ಸೋಲಿಗರ ಹುಡುಗಿ ಕುಸುಮಾಲೆಯನ್ನು ರಂಗಪ್ಪ ಮದುವೆ ಆದನಂತೆ, ಹಾಗಾಗಿ ಅವರಿಗೆಲ್ಲ ಅವನು ಭಾವ. ಅವ್ವ ನನ್ನ ಕಡೆ ತಿರುಗಿ, "ನೋಡು, ಹೆಣ್ಣು ತಕಂಡೋದ ಭಾವನ್ನ ಇವ್ರು ಪೂಜೆ ಮಾಡ್ತಾರೆ. ನೀನು ಬೈಕೊಂಡ್ ತಿರುಗ್ತೀಯ" ಅಂದರು.

ದಾರಿ ಪಕ್ಕದ ಲಂಟಾನ ಕಳೆ ಪೊದೆ ತೋರಿಸಿ ಅಜ್ಜಿಯನ್ನು ಕೇಳಿದೆ. ಮೊದಲು ಬೇಸಿಗೆ ಶುರುವಿನಲ್ಲೇ ತರಗು ಬೆಂಕಿ ಹಾಕುತ್ತಿದ್ದರಂತೆ, ಸಣ್ಣ ಬೆಂಕಿ. ಅದು ನಿಂತ ಮೇಲೆ ಈ ಪೊದೆ ಕಾಡೆಲ್ಲ ಹಬ್ಬಿತು ಅನ್ನುವುದು ಅಜ್ಜಿಯ ಲೆಕ್ಕ. 2011ರಲ್ಲಿ ಇದು ಹುಲಿ ಮೀಸಲು ಕಾಡಾಯಿತು. ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ಬಂತು. ಜೇನು, ನೆಲ್ಲಿಕಾಯಿ ತರಲು ಈಗ ಯಾರ ಕಾಲೂ ಹಿಡಿಯಬೇಕಾಗಿಲ್ಲ ಅಂದರು. ಅರ್ಧ ಲೀಟರ್ ಜೇನು ತಂದೆ. ಚೌಕಾಸಿ ಮಾಡಲು ಹೋಗಿ ಅವ್ವನ ಹತ್ತಿರ ಬೈಸಿಕೊಂಡೆ.

ಬುಧವಾರ ಮಾದಪ್ಪನ ಬೆಟ್ಟ. ಕೊಳ್ಳೇಗಾಲದಿಂದ ಬೆಳಗಿನ ಬಸ್ಸು. ಯಾವ ಬಸ್ಸು ಅಂತ ಮಾತ್ರ ಕೇಳಬೇಡಿ, ಹೇಳಿದರೆ ಮುಂದಿನ ವಾರ ಅದೂ ತುಂಬಿರುತ್ತೆ. ರೂಮಿನ ವಿಳಾಸವೂ ಅಷ್ಟೇ.

ಖರ್ಚಿನ ಲೆಕ್ಕ ನೆನಪಿದ್ದಷ್ಟು: ರೂಮು ಮೂರು ರಾತ್ರಿಗೆ 2,400, ಊಟ ತಿಂಡಿ 1,200, ಬಸ್ಸಿಗೆ 500 ಚಿಲ್ಲರೆ. ಅದೂ ನನ್ನೊಬ್ಬನದು. ಅವ್ವ, ಜತೆಗೆ ಬಂದಿದ್ದ ನನ್ನ ಹೆಂಡತಿ ಇಬ್ಬರಿಗೂ 2023ರಿಂದ ಸರ್ಕಾರಿ ಬಸ್ಸು ಫ್ರೀ, ಆಧಾರ್ ಮರೆಯಬಾರದು ಅಷ್ಟೆ. ಜೇನು, ಲಾಡು, ಹುಂಡಿ ಲೆಕ್ಕಕ್ಕೆ ಹಿಡಿದಿಲ್ಲ.

ತಾಳಬೆಟ್ಟ ಬಂತು. ಮೇಲಕ್ಕೆ 27 ತಿರುವು ಅಂತ ಹೇಳಿ, ಮಡಿಲಿಗೆ 27 ಹುಣಸೆ ಬೀಜ ಹಾಕಿದ್ದೆ. ಒಂದು ತಿರುವಿಗೆ ಒಂದು ಬೀಜ ಎಡಗೈಗೆ. ಇದು ನನ್ನ ಸ್ವಂತ ಐಡಿಯಾ, ಗಮನ ಹೊಟ್ಟೆ ಕಡೆ ಹೋಗಬಾರದು ಅಂತ. ತಲೆ ಅತ್ತ ಇತ್ತ ವಾಲಿಸುತ್ತಾ, ತುಟಿ ಅಲುಗಿಸುತ್ತಾ ಎಣಿಸುತ್ತಲೇ ಹೋದರು. ನಡುವೆ ಒಂದೆರಡು ನಿಮಿಷ ತೂಕಡಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮೇಲೆ ಇಳಿದಾಗ ಮಡಿಲಲ್ಲಿ ಎರಡು ಬೀಜ ಉಳಿದಿದ್ದವು. ಭಾವನಿಗೆ ಫೋನು ಹಚ್ಚಿ ಕೊಟ್ಟರೆ, ವಾಂತಿ ಆಗಲಿಲ್ಲ ಅನ್ನುವುದನ್ನು ಹೇಳಲೇ ಇಲ್ಲ. "ಅಳಿಯಂದ್ರೇ, ತಿರುವು ಇಪ್ಪತ್ತೈದೇ ಇರೋದು. ನಿಮ್ ಭಾಮೈದ ಸುಳ್ ಹೇಳ್ತಾನೆ" ಅಂದರು.