ಹಬ್ಬದ ಊಟಕ್ಕೆ ಕೆಂಪು ಪುಂಡಿ ಕಾಯಿಯ ಸಾಸ್

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಅಡುಗೆಮನೆಗಳಲ್ಲಿ ಪುಂಡಿ ಎಂದರೆ ಸೊಪ್ಪು. ಜೋಳದ ನುಚ್ಚು, ಬೇಳೆ, ಹಸಿಮೆಣಸಿನಕಾಯಿ ಸೇರಿಸಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಪುಂಡಿಪಲ್ಯಕ್ಕೆ ಇಲ್ಲಿ ಇರುವ ಗೌರವ ಬೇರೆ ಸೊಪ್ಪಿಗಿಲ್ಲ. ಆದರೆ ಮಳೆಗಾಲದುದ್ದಕ್ಕೂ ಎಲೆ ಕೊಟ್ಟ ಗಿಡ ಕಾರ್ತೀಕದ ಹೊತ್ತಿಗೆ ಹೂ ಬಿಟ್ಟು ಕಾಯಿ ಕಟ್ಟಿತೆಂದರೆ, ಬೀಜಕ್ಕೆ ಬೇಕಾದಷ್ಟನ್ನು ಬಿಟ್ಟು ಉಳಿದುದರ ಕಡೆಗೆ ಹೆಚ್ಚಿನವರು ಗಮನ ಕೊಡುವುದಿಲ್ಲ. ಆ ಕಾಯಿಯನ್ನು ಸುತ್ತುವರಿದಿರುವ ದಪ್ಪನೆಯ ಕೆಂಪು ಎಸಳುಗಳೇ ಈ ಬರಹದ ವಿಷಯ. ಹುಳಿಯೂ ಬಣ್ಣವೂ ತುಂಬಿದ ಆ ಎಸಳುಗಳನ್ನು ಸಕ್ಕರೆಯೊಂದಿಗೆ ಬೇಯಿಸಿದರೆ, ಅಮೆರಿಕದವರು ತಮ್ಮ ಹಬ್ಬದ ಊಟಕ್ಕೆ ಮಾಡುವ ಕ್ರ್ಯಾನ್‌ಬೆರಿ ಸಾಸ್‌ಗೆ ಯಾವ ರೀತಿಯಲ್ಲೂ ಕಡಿಮೆಯಿಲ್ಲದ ಸಿಹಿಹುಳಿ ಸಾಸ್ ಮನೆಯಲ್ಲೇ ಸಿದ್ಧವಾಗುತ್ತದೆ.

ಕ್ರ್ಯಾನ್‌ಬೆರಿ ಉತ್ತರ ಅಮೆರಿಕದ ತಂಪು ಜೌಗು ನೆಲದ ಹಣ್ಣು. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ದಿನ ಅಲ್ಲಿ ಟರ್ಕಿ ಕೋಳಿಯ ಜೊತೆಗೆ ಅದರ ಸಾಸ್ ಬಡಿಸುವುದು ವಾಡಿಕೆ. ಆ ಸಾಸ್ ಹೊರಗಿನಿಂದ ಏನನ್ನೂ ಸೇರಿಸದೆ ತಾನಾಗಿಯೇ ಗಟ್ಟಿಯಾಗುವುದಕ್ಕೆ ಹಣ್ಣಿನೊಳಗಿನ ಪೆಕ್ಟಿನ್ ಎಂಬ ಅಂಟು ಪದಾರ್ಥ ಕಾರಣ. ಪೆಕ್ಟಿನ್, ಹುಳಿ, ಸಕ್ಕರೆ ಈ ಮೂರೂ ತಕ್ಕ ಪ್ರಮಾಣದಲ್ಲಿ ಸೇರಿ ಕುದಿದು ತಣ್ಣಗಾದಾಗ ದ್ರವ ಮುದ್ದೆಗಟ್ಟುತ್ತದೆ. ಕೆಂಪು ಪುಂಡಿಯ ಎಸಳಿನಲ್ಲಿ ಹುಳಿ ಮತ್ತು ಪೆಕ್ಟಿನ್ ಎರಡೂ ಇವೆ. ಒಳಗಿನ ಹಸಿರು ಬೀಜದ ಕಾಯಿಯಲ್ಲೂ ಪೆಕ್ಟಿನ್ ಇದೆ. ಆಸ್ಟ್ರೇಲಿಯಾದಲ್ಲಿ ಇದೇ ಗಿಡದ ಎಸಳಿನಿಂದ ಜಾಮ್ ಮಾಡುವುದು ಹಳೆಯ ರೂಢಿ, ಕೆರಿಬಿಯನ್ ದ್ವೀಪಗಳಲ್ಲಿ ಇದರ ಕೆಂಪು ಪಾನಕವಿಲ್ಲದೆ ಕ್ರಿಸ್‌ಮಸ್ ಇಲ್ಲ. ಬದುವಿನ ಮೇಲೆ ಪುಂಡಿ ಬೆಳೆಯುವ ನಮ್ಮ ಎರೆನೆಲದ ಜನರು ದೂರದ ಹಣ್ಣಿಗಾಗಿ ಕಾಯಬೇಕಾದ ಅಗತ್ಯವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಲವೂ ಇದಕ್ಕೆ ಅನುಕೂಲವಾಗಿದೆ. ಪುಂಡಿ ಹಗಲು ಕಿರಿದಾಗತೊಡಗಿದ ಮೇಲೆ ಹೂ ಬಿಡುವ ಗಿಡ. ಮುಂಗಾರಿನಲ್ಲಿ ಬಿತ್ತಿದ್ದು ದಸರೆ ದೀಪಾವಳಿಯ ಸುಮಾರಿಗೆ ಹೂ ಬಿಡುತ್ತದೆ. ಹೂ ಬಾಡಿ ಬಿದ್ದ ಎರಡು ಮೂರು ವಾರಗಳಲ್ಲಿ ಎಸಳು ಮೈದುಂಬುತ್ತದೆ. ಹೀಗಾಗಿ ನವೆಂಬರ್ ಮತ್ತು ಡಿಸೆಂಬರ್ ತಿಂಗಳಲ್ಲಿ ಒಳ್ಳೆಯ ಕಾಯಿ ಸಿಗುತ್ತದೆ. ಬಳ್ಳಾರಿಯ ಕ್ರೈಸ್ತ ಮನೆಗಳ ಕ್ರಿಸ್‌ಮಸ್ ಊಟಕ್ಕೂ, ಮಾರ್ಗಶಿರ ಮಾಸದ ಕೊನೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಎಳ್ಳ ಅಮಾವಾಸ್ಯೆಗೂ ಇದು ಒದಗುತ್ತದೆ. ಅಮಾವಾಸ್ಯೆ ಜನವರಿಗೆ ಜಾರಿದ ವರ್ಷ ಗಿಡದ ಕಾಯಿ ಬಲಿತು ಒಣಗಿರುವ ಸಾಧ್ಯತೆ ಹೆಚ್ಚು. ಅಂಥ ವರ್ಷ ಡಿಸೆಂಬರ್‌ನಲ್ಲೇ ಎಸಳು ಬಿಡಿಸಿ ನೆರಳಿನಲ್ಲಿ ಒಣಗಿಸಿಟ್ಟುಕೊಳ್ಳಬೇಕು.

ಪುಂಡಿಯ ಎಲ್ಲ ತಳಿಯೂ ಈ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ನಾರಿಗಾಗಿ ಬೆಳೆಯುವ ಪುಂಡಿಯ ಕಾಯಿಯ ಸುತ್ತಲಿನ ಎಸಳು ತೆಳ್ಳಗೆ, ಒಣಕಲಾಗಿ, ಮುಟ್ಟಿದರೆ ಚುಚ್ಚುವಂತಿರುತ್ತದೆ. ಅದನ್ನು ಎಷ್ಟು ಬೇಯಿಸಿದರೂ ಸಾಸ್ ಆಗದು. ಕಾಂಡ ಕೆಂಪಗಿದ್ದ ಮಾತ್ರಕ್ಕೆ ಎಸಳೂ ರಸಭರಿತವಾಗಿರುತ್ತದೆ ಎಂದು ನಂಬುವಂತಿಲ್ಲ. ಒಂದು ಕಾಯಿ ಕಿತ್ತು ಎಸಳನ್ನು ಬೆರಳಿನಿಂದ ಮಡಚಿ ನೋಡಿ. ಟಕ್ಕನೆ ಮುರಿದು ರಸ ಒಸರಿದರೆ, ಬಾಯಿಗೆ ಹಾಕಿದಾಗ ಹಲ್ಲು ಚುಳ್ಳೆನ್ನುವಷ್ಟು ಹುಳಿಯಿದ್ದರೆ ಅದು ಸರಿಯಾದ ಗಿಡ. ಮಡಚಿದಾಗ ಬಾಗುವ, ಅಂಚು ಒಣಗಿ ಕಂದಿದ ಕಾಯಿಗಳನ್ನು ಬೀಜಕ್ಕೆ ಬಿಟ್ಟುಬಿಡುವುದು ಲೇಸು. ಸಂತೆಯಲ್ಲಿ ಸೊಪ್ಪು ಸಿಕ್ಕಷ್ಟು ಸುಲಭವಾಗಿ ಕಾಯಿ ಸಿಗುವುದಿಲ್ಲ. ಸೊಪ್ಪು ಮಾರುವ ಹೆಣ್ಣುಮಕ್ಕಳಿಗೆ ಒಂದು ವಾರ ಮುಂಚೆ ಹೇಳಿಟ್ಟರೆ ಅವರೇ ಹೊಲದಿಂದ ತಂದುಕೊಡುತ್ತಾರೆ.

ಆರೇಳು ಜನರ ಊಟಕ್ಕೆ ಸುಮಾರು 600 ಗ್ರಾಂ ಇಡೀ ಕಾಯಿ ಬೇಕು. ಬೀಜದ ಭಾಗ ತೆಗೆದ ಮೇಲೆ ಎಸಳು ಹೆಚ್ಚುಕಡಿಮೆ ಅರ್ಧದಷ್ಟು, ಅಂದರೆ 300 ಗ್ರಾಂ ಉಳಿಯುತ್ತದೆ. ಇದರ ಜೊತೆಗೆ 250 ಗ್ರಾಂ ಸಕ್ಕರೆ, ಬೆರಳುದ್ದದ ಹಸಿ ಶುಂಠಿ, ಒಂದು ಚಿಟಿಕೆ ಉಪ್ಪು, ಬೇಕಿದ್ದರೆ ಒಂದು ಚಿಕ್ಕ ತುಂಡು ದಾಲ್ಚಿನ್ನಿ ಮತ್ತು ಒಂದು ಕಿತ್ತಳೆ ಹಣ್ಣು ಇಟ್ಟುಕೊಂಡರೆ ಸಾಕು.

ಎಸಳುಗಳ ಸಂದಿಯಲ್ಲಿ ಎರೆಮಣ್ಣಿನ ಧೂಳು, ಇರುವೆ, ಕೆಲವೊಮ್ಮೆ ಬಿಳಿಯ ಹಿಟ್ಟು ತಿಗಣೆಯೂ ಅಡಗಿರುತ್ತವೆ. ಆದ್ದರಿಂದ ಇಡೀ ಕಾಯಿಗಳನ್ನು ಉಪ್ಪು ಬೆರೆಸಿದ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟು, ಎರಡು ಮೂರು ಸಲ ಹೊಸ ನೀರಿನಲ್ಲಿ ಅಲುಗಾಡಿಸಿ ತೊಳೆಯಬೇಕು. ಆಮೇಲೆ ತೊಟ್ಟಿನ ಬುಡವನ್ನು ಚಾಕುವಿನಿಂದ ಅಡ್ಡಲಾಗಿ ತೆಳ್ಳಗೆ ಕತ್ತರಿಸಿ, ಕೆಳಗಿನಿಂದ ಹೆಬ್ಬೆರಳಿನಿಂದ ಒತ್ತಿದರೆ ಒಳಗಿನ ಹಸಿರು ಕಾಯಿ ಮೇಲಿನಿಂದ ಹೊರಬರುತ್ತದೆ, ಎಸಳು ಇಡಿಯಾಗಿ ಕೈಯಲ್ಲಿ ಉಳಿಯುತ್ತದೆ. ಈ ಹಸಿರು ಕಾಯಿಯ ಮೇಲೆ ಸಣ್ಣ ರೋಮಗಳಿದ್ದು, ಕೆಲವರ ಚರ್ಮಕ್ಕೆ ತುರಿಕೆ ತರುತ್ತವೆ. ಅಂಥವರು ಕೈಗೆ ಸ್ವಲ್ಪ ಎಣ್ಣೆ ಸವರಿಕೊಳ್ಳಬೇಕು. ಬಿಡಿಸುವ ಕೆಲಸಕ್ಕೆ ತಾಳ್ಮೆ ಬೇಕು. ಹಬ್ಬದ ಹಿಂದಿನ ದಿನ ಮನೆಮಂದಿಯೆಲ್ಲ ಕುಳಿತು ಕಡುಬಿಗೆ ಹೂರಣ, ಬುತ್ತಿಗೆ ಚಟ್ನಿಪುಡಿ ಅಣಿಮಾಡುವ ಹೊತ್ತಿನಲ್ಲಿ ಇದನ್ನೂ ಸೇರಿಸಿಕೊಂಡರೆ ಭಾರವೆನಿಸುವುದಿಲ್ಲ.

ತೆಗೆದ ಹಸಿರು ಕಾಯಿಗಳನ್ನು ತಿಪ್ಪೆಗೆ ಎಸೆಯಬಾರದು. ಸಾಸ್ ಚೆನ್ನಾಗಿ ಕೂಡುವುದರ ಅರ್ಧ ಗುಟ್ಟು ಅವುಗಳಲ್ಲೇ ಇದೆ. ಅವನ್ನು 600 ಮಿಲಿಲೀಟರ್ ನೀರಿಗೆ ಹಾಕಿ, ಮುಚ್ಚಳ ಅರ್ಧ ಸರಿಸಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕುದಿಸಬೇಕು. ಕಾಯಿ ಮೆತ್ತಗಾಗಿ, ನೀರು ಬೆರಳಿಗೆ ತುಸು ಲೋಳೆಯಾಗಿ ಅಂಟುವಷ್ಟಾದಾಗ ಇಳಿಸಿ, ತೆಳುವಾದ ಹತ್ತಿ ಬಟ್ಟೆಯಲ್ಲಿ ಸೋಸಬೇಕು. ಜಾಲರಿಯ ಸೋಸುಕದಲ್ಲಿ ರೋಮಗಳು ಪೂರ್ತಿ ನಿಲ್ಲುವುದಿಲ್ಲವಾದ್ದರಿಂದ ಬಟ್ಟೆಯೇ ಬೇಕು. ಹೀಗೆ ಸಿಗುವ ನೀರಿನಲ್ಲಿ 350 ಮಿಲಿಲೀಟರ್ ಅಳೆದಿಟ್ಟುಕೊಳ್ಳಿ. ಕಡಿಮೆ ಬಿದ್ದರೆ ಸಾದಾ ನೀರು ಸೇರಿಸಿ. ಈ ಹಂತವನ್ನು ಬಿಟ್ಟು ಬರೀ ನೀರಿನಲ್ಲಿ ಬೇಯಿಸಿದರೂ ಸಾಸ್ ಆಗುತ್ತದೆ, ಆದರೆ ಗಟ್ಟಿಯಾಗುವವರೆಗೆ ಹೆಚ್ಚು ಹೊತ್ತು ಕುದಿಸಬೇಕಾಗುತ್ತದೆ, ಆ ಹೆಚ್ಚಿನ ಕುದಿತದಲ್ಲಿ ಕೆಂಪು ಬಣ್ಣ ಕಂದುಬಣ್ಣಕ್ಕೆ ತಿರುಗುತ್ತದೆ.

ಪಾತ್ರೆಯ ಆಯ್ಕೆಯಲ್ಲಿ ಸಡಿಲಿಕೆ ಬೇಡ. ಇಷ್ಟು ಹುಳಿಯಿರುವ ಪದಾರ್ಥವನ್ನು ನಮ್ಮ ಕಡೆ ಜರ್ಮನ್ ಬೋಗುಣಿ ಎಂದು ಕರೆಯುವ ಅಲ್ಯುಮಿನಿಯಂ ಪಾತ್ರೆಯಲ್ಲಾಗಲಿ, ಕಲಾಯಿಯಿಲ್ಲದ ಹಿತ್ತಾಳೆ ಅಥವಾ ತಾಮ್ರದ ಪಾತ್ರೆಯಲ್ಲಾಗಲಿ ಬೇಯಿಸಬಾರದು. ಲೋಹ ಹುಳಿಯಲ್ಲಿ ಕರಗಿ ಊಟದೊಳಗೆ ಸೇರುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೆ ಬಣ್ಣ ಕಪ್ಪಡರುತ್ತದೆ. ತಳ ದಪ್ಪವಿರುವ ಸ್ಟೀಲ್ ಪಾತ್ರೆ ಎಲ್ಲಕ್ಕಿಂತ ಒಳ್ಳೆಯದು. ಕುದಿಯುವಾಗ ನೊರೆ ಉಕ್ಕುವುದರಿಂದ ಪಾತ್ರೆ ಅಗಲವಾಗಿಯೂ ಎತ್ತರವಾಗಿಯೂ ಇರಲಿ.

ಅಳೆದಿಟ್ಟ ನೀರಿಗೆ ಎಸಳು, ಜಜ್ಜಿದ ಶುಂಠಿ, ದಾಲ್ಚಿನ್ನಿ ಹಾಕಿ ಮಧ್ಯಮ ಉರಿಯಲ್ಲಿಡಿ. ಏಳೆಂಟು ನಿಮಿಷಗಳಲ್ಲಿ ಎಸಳು ಬಾಡಿ ಕುಸಿದು, ನೀರು ಗಾಢ ಕೆಂಪಾಗುತ್ತದೆ. ಎಸಳನ್ನು ಸೌಟಿನ ಬೆನ್ನಿನಿಂದ ಪಾತ್ರೆಯ ಅಂಚಿಗೆ ಒತ್ತಿದಾಗ ಹಿಸುಕಿ ಹೋಗುವಷ್ಟು ಮೆತ್ತಗಾಗುವವರೆಗೆ ಸಕ್ಕರೆ ಹಾಕಲೇಬಾರದು. ಸಕ್ಕರೆ ಮೊದಲೇ ಬಿದ್ದರೆ ಎಸಳು ಬಿರುಸಾಗಿಯೇ ಉಳಿದು, ಆಮೇಲೆ ಎಷ್ಟು ಬೇಯಿಸಿದರೂ ಬಾಯಿಗೆ ತೊಗಲು ತೊಗಲಾಗಿ ಸಿಗುತ್ತದೆ. ಮೆತ್ತಗಾದ ಮೇಲೆ ದಾಲ್ಚಿನ್ನಿ ತೆಗೆದು, ಸಕ್ಕರೆ ಮತ್ತು ಉಪ್ಪು ಹಾಕಿ, ಸಕ್ಕರೆ ಪೂರ್ತಿ ಕರಗುವವರೆಗೆ ಸಣ್ಣ ಉರಿಯಲ್ಲಿ ಕೈಯಾಡಿಸಿ, ಬಳಿಕ ಉರಿ ಹೆಚ್ಚಿಸಿ ಎಂಟರಿಂದ ಹತ್ತು ನಿಮಿಷ ಚೆನ್ನಾಗಿ ಕುದಿಸಿ. ಮೇಲೆ ಬರುವ ನೊರೆಯನ್ನು ಆಗಾಗ ತೆಗೆಯುತ್ತಿದ್ದರೆ ಸಾಸ್ ತಿಳಿಯಾಗಿ ಹೊಳೆಯುತ್ತದೆ.

ಬೆಲ್ಲ ಹಾಕಬಹುದೇ ಎಂಬ ಪ್ರಶ್ನೆ ನಮ್ಮ ಕಡೆ ಬಂದೇ ಬರುತ್ತದೆ. ಮಾವಿನಕಾಯಿ ಗುಳಂಬಕ್ಕೆ ಬೆಲ್ಲ ಎಷ್ಟು ಒಗ್ಗುತ್ತದೋ ರುಚಿಯಲ್ಲಿ ಇದಕ್ಕೂ ಅಷ್ಟೇ ಒಗ್ಗುತ್ತದೆ, ಆದರೆ ಬಣ್ಣ ಕೆಡುತ್ತದೆ. ಪುಂಡಿಯ ಕೆಂಪು ಹುಳಿಯಲ್ಲಿ ಉಜ್ವಲವಾಗಿ ನಿಲ್ಲುವ, ಹುಳಿ ಕಡಿಮೆಯಾದಂತೆ ನೀಲಿಯತ್ತ ಮಾಸುವ ಬಣ್ಣ. ಬೆಲ್ಲದ ಕಂದು ಅದರೊಂದಿಗೆ ಬೆರೆತರೆ ಸಾಸ್ ಇಟ್ಟಿಗೆ ಬಣ್ಣಕ್ಕಿಳಿಯುತ್ತದೆ. ಮೂರು ಪಾಲು ಸಕ್ಕರೆ, ಒಂದು ಪಾಲು ಬೆಲ್ಲ ನನಗೆ ಒಪ್ಪುವ ಲೆಕ್ಕ. ಬೆಲ್ಲದ ಪರಿಮಳವೂ ಸಿಗುತ್ತದೆ, ಕೆಂಪೂ ಉಳಿಯುತ್ತದೆ. ಬೆಲ್ಲವನ್ನು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ ಸೋಸಿಯೇ ಹಾಕಬೇಕು, ಇಲ್ಲದಿದ್ದರೆ ಮರಳು ಹಲ್ಲಿಗೆ ಸಿಗುತ್ತದೆ. ಹುಳಿ ತಗ್ಗಿಸಲೆಂದು ಅಡುಗೆ ಸೋಡಾ ಹಾಕುವುದು ಮಾತ್ರ ಎಂದಿಗೂ ಬೇಡ. ಬಣ್ಣ ನೀಲಿಗಟ್ಟುವುದಷ್ಟೇ ಅಲ್ಲ, ಹುಳಿಯಿಲ್ಲದೆ ಪೆಕ್ಟಿನ್ ಕೂಡಿಕೊಳ್ಳುವುದೂ ಇಲ್ಲ.

ಯಾವಾಗ ಇಳಿಸಬೇಕು ಎಂಬುದನ್ನು ಕಣ್ಣಳತೆಯಿಂದ ನಿರ್ಧರಿಸುವುದು ಕಷ್ಟ, ಏಕೆಂದರೆ ಬಿಸಿಯಿರುವಾಗ ಸಾಸ್ ಯಾವಾಗಲೂ ತೆಳ್ಳಗೇ ಕಾಣುತ್ತದೆ. ಒಂದು ಸ್ಟೀಲ್ ತಟ್ಟೆಯನ್ನು ಮೊದಲೇ ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿಕೊಳ್ಳಿ. ಕುದಿಯುವ ಸಾಸ್‌ನ ಒಂದು ಹನಿಯನ್ನು ಆ ತಟ್ಟೆಗೆ ಬಿಟ್ಟು, ಅರ್ಧ ನಿಮಿಷ ತಾಳಿ, ನಡುವೆ ಬೆರಳಿನಿಂದ ಗೆರೆ ಎಳೆಯಿರಿ. ಎರಡೂ ಬದಿಯ ರಸ ನಿಧಾನವಾಗಿ ಹರಿದು ಗೆರೆಯನ್ನು ಮುಚ್ಚುವಂತಿದ್ದರೆ ಇನ್ನೆರಡು ನಿಮಿಷ ಕುದಿಸಬೇಕು. ಗೆರೆ ಹಾಗೆಯೇ ನಿಂತರೆ ತಕ್ಷಣ ಇಳಿಸಬೇಕು. ಹನಿ ಸುಕ್ಕುಗಟ್ಟುವವರೆಗೆ ಕಾಯುವುದು ಜಾಮ್‌ಗೆ ಸರಿ, ಸಾಸ್‌ಗೆ ಅತಿಯಾಗುತ್ತದೆ. ಪರೀಕ್ಷೆ ಮಾಡುವಾಗಲೆಲ್ಲ ಉರಿಯನ್ನು ತಗ್ಗಿಸಿಡುವುದು ಒಳ್ಳೆಯದು, ಆ ಒಂದು ನಿಮಿಷದಲ್ಲೇ ಹದ ಮೀರಬಹುದು. ಇಳಿಸಿದ ಮೇಲೆ ಕಿತ್ತಳೆಯ ಸಿಪ್ಪೆಯ ಮೇಲ್ಪದರವನ್ನು ಮಾತ್ರ, ಒಳಗಿನ ಕಹಿ ಬಿಳಿಭಾಗ ಬಾರದಂತೆ ತುರಿದು ಬೆರೆಸಿದರೆ ಕ್ರಿಸ್‌ಮಸ್ ಊಟಕ್ಕೆ ಒಪ್ಪುವ ಪರಿಮಳ ಬರುತ್ತದೆ. ಎಳ್ಳ ಅಮಾವಾಸ್ಯೆಯ ಬುತ್ತಿಗೆ ಮಾಡುವಾಗ ದಾಲ್ಚಿನ್ನಿ, ಕಿತ್ತಳೆ ಎರಡನ್ನೂ ಬಿಟ್ಟು, ಹುರಿದು ಪುಡಿಮಾಡಿದ ಜೀರಿಗೆ ಅರ್ಧ ಚಮಚ, ಒಂದಿಷ್ಟು ಕಾಳುಮೆಣಸಿನ ಪುಡಿ ಬೆರೆಸುವುದು ನನಗೆ ಹೆಚ್ಚು ಹಿತವೆನಿಸುತ್ತದೆ. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಅದರ ಮೇಲೆ ಕೆನೆಮೊಸರು, ಪಕ್ಕದಲ್ಲಿ ಈ ಕೆಂಪು ಸಾಸ್ ಇದ್ದರೆ ಎಣ್ಣೆಗಾಯಿಯ ಖಾರಕ್ಕೂ ಶೇಂಗಾ ಹೋಳಿಗೆಯ ಸಿಹಿಗೂ ನಡುವೆ ಬಾಯಿಗೆ ಒಂದು ಬಿಡುವು ಸಿಗುತ್ತದೆ.

ಒಣ ಎಸಳಿನಿಂದ ಮಾಡುವವರು 40 ಗ್ರಾಂ ಎಸಳನ್ನು 400 ಮಿಲಿಲೀಟರ್ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ, ಅದೇ ನೀರಿನಲ್ಲಿ ಬೇಯಿಸಬೇಕು. ಸಾಸ್ ಸ್ವಲ್ಪ ಸಡಿಲವಾಗಿರುತ್ತದೆ, ರುಚಿಗೆ ಕೊರತೆಯಿಲ್ಲ.

ದೊಡ್ಡ ಊರಿನಿಂದ ಶೀತಲೀಕರಿಸಿದ ಕ್ರ್ಯಾನ್‌ಬೆರಿಯನ್ನೇ ತರಿಸಿಕೊಂಡವರಿಗೆ ಕೆಲಸ ಇನ್ನೂ ಸುಲಭ. ಅಮೆರಿಕದಲ್ಲಿ ಬಳಕೆಯಲ್ಲಿರುವ ಅಳತೆಯಂತೆ 340 ಗ್ರಾಂ ಹಣ್ಣಿಗೆ 200 ಗ್ರಾಂ ಸಕ್ಕರೆ, 240 ಮಿಲಿಲೀಟರ್ ನೀರು ಸಾಕು. ಅಲ್ಲಿ ಸಕ್ಕರೆ ಮತ್ತು ನೀರನ್ನು ಮೊದಲು ಕುದಿಸಿ, ಹಣ್ಣು ಹಾಕಿ, ಅವು ಪಟಪಟನೆ ಒಡೆಯುವವರೆಗೆ ಸುಮಾರು ಹತ್ತು ನಿಮಿಷ ಬೇಯಿಸುತ್ತಾರೆ. ತೆಳು ಸಿಪ್ಪೆಯ ಹಣ್ಣು ತಾನೇ ಒಡೆಯುವುದರಿಂದ ಸಕ್ಕರೆ ಮೊದಲು ಬಿದ್ದರೂ ತೊಂದರೆಯಿಲ್ಲ. ಒಣಹಣ್ಣಿನ ಅಂಗಡಿಯಲ್ಲಿ ಸಿಗುವ ಸಿಹಿ ಕ್ರ್ಯಾನ್‌ಬೆರಿಯ ಲೆಕ್ಕ ಬೇರೆ. ಅದರ ರಸ ಆಗಲೇ ತೆಗೆದು ಸಕ್ಕರೆ ಹೀರಿಸಿರುವುದರಿಂದ ಅದು ಸರಿಯಾಗಿ ಕೂಡುವುದಿಲ್ಲ. 200 ಗ್ರಾಂ ಹಣ್ಣನ್ನು 300 ಮಿಲಿಲೀಟರ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬೇಯಿಸಿ, ಅರ್ಧ ಭಾಗವನ್ನು ರುಬ್ಬಿ ಮತ್ತೆ ಸೇರಿಸಿ, ಒಂದು ನಿಂಬೆಹಣ್ಣಿನ ರಸ ಹಿಂಡಬೇಕು. ಸಕ್ಕರೆಯನ್ನು ರುಚಿ ನೋಡಿದ ಮೇಲಷ್ಟೇ ಹಾಕಬೇಕು. ಬಿಡಿಸಿದ ಪುಂಡಿ ಎಸಳು ಒಂದು ಹಿಡಿ ಅದಕ್ಕೆ ಸೇರಿಸಿದರೆ ಹುಳಿ, ಬಣ್ಣ, ಅಂಟು ಮೂರೂ ಮರಳಿ ಬರುತ್ತವೆ.

ಸಾಸ್ ಹಬ್ಬದ ಹಿಂದಿನ ದಿನವೇ ಆಗಿರಬೇಕು, ಏಕೆಂದರೆ ಒಂದು ರಾತ್ರಿ ಕಳೆದ ಮೇಲೆಯೇ ಅದು ಪೂರ್ತಿ ಕೂಡಿಕೊಂಡು, ಶುಂಠಿಯ ಖಾರ ಎಲ್ಲೆಡೆ ಹರಡುತ್ತದೆ. ಗಾಜಿನ ಶೀಸೆಯನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಹೊರತೆಗೆದು ನೀರಿನ ಪಸೆ ಪೂರ್ತಿ ಆರಿದ ಮೇಲೆ ಬಿಸಿ ಸಾಸ್ ತುಂಬಿ, ತಣ್ಣಗಾದ ಬಳಿಕ ಫ್ರಿಜ್‌ನಲ್ಲಿಡಿ. ಒದ್ದೆ ಚಮಚ ಹಾಕದಿದ್ದರೆ ಹತ್ತು ದಿನ ಕೆಡುವುದಿಲ್ಲ. ಸಕ್ಕರೆ ಉಪ್ಪಿನಕಾಯಿಯ ಎಣ್ಣೆಯಂತೆ ಕಾಯುತ್ತದೆಂದು ನಂಬಿ ಇದನ್ನು ಹೊರಗೆ ಇಡಬಾರದು, ಸಾಸ್‌ನಲ್ಲಿರುವ ಸಕ್ಕರೆ ಅಷ್ಟಕ್ಕೆ ಸಾಲದು. ಹೊಲಕ್ಕೆ ಒಯ್ಯುವಾಗಲೂ ಅಲ್ಯುಮಿನಿಯಂ ಡಬ್ಬಿಯ ಬದಲು ಗಾಜು ಅಥವಾ ಸ್ಟೀಲ್ ಡಬ್ಬಿ ಬಳಸಿ, ಮೊಸರನ್ನದ ಗಡಿಗೆಯ ಪಕ್ಕ ನೆರಳಿನಲ್ಲಿಡಿ. ಫ್ರಿಜ್‌ನಿಂದ ತೆಗೆದಾಗ ಬಹಳ ಗಟ್ಟಿಯಾಗಿದ್ದರೆ ಎರಡು ಚಮಚ ಬಿಸಿನೀರು ಸೇರಿಸಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಕಲಸಬೇಕು. ಬಹಳ ತೆಳ್ಳಗಿದ್ದರೆ ಮತ್ತೆ ಮೂರು ನಾಲ್ಕು ನಿಮಿಷ ಕುದಿಸಿ, ತಟ್ಟೆಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕು.