ಮರೆಯುವವರ ಕೈಗೆ ನೆನಪಿನ ಫೋನ್ ಕೊಡುವ ಮುಂಚೆ

ನಮ್ಮಪ್ಪ ಗಂಗಾವತಿಯ ಒಂದು ದಲಾಲಿ ಅಂಗಡಿಯಲ್ಲಿ 31 ವರ್ಷ ಗುಮಾಸ್ತರಾಗಿದ್ದರು. ಯಾರು ಎಷ್ಟು ಚೀಲ ಭತ್ತ ತಂದರು, ಎಷ್ಟು ಮುಂಗಡ ಒಯ್ದರು ಅನ್ನೋದನ್ನು ಪುಸ್ತಕ ತೆರೆಯದೆ ಹೇಳುತ್ತಿದ್ದರು. ರೈತರು ಬಂದು ಲೆಕ್ಕ ತೋರಿಸಿ ಅಂದರೆ ಮಾತ್ರ ಪುಸ್ತಕ ತೆಗೆಯುತ್ತಿದ್ದರು. ಆಗಲೂ ಆ ಸಾಲಿನ ಮೇಲೊಂದು ಅಂಗೈ, ಕೆಳಗೊಂದು ಅಂಗೈ. ಒಬ್ಬರ ಸಾಲ ಇನ್ನೊಬ್ಬರ ಕಣ್ಣಿಗೆ ಬೀಳಬಾರದು ಅಂತ.

ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಕೈಕಾಲು ಸರಿಯಾದವು, ನೆನಪು ಪೂರ್ತಿ ಸರಿಯಾಗಲಿಲ್ಲ. ಬೆಳಿಗ್ಗೆ ಬಂದವರು ಯಾರು ಅಂತ ಮಧ್ಯಾಹ್ನಕ್ಕೆ ಗೊತ್ತಿರುತ್ತಿರಲಿಲ್ಲ. ನಾನು ಝೆರಾಕ್ಸ್ ಮತ್ತು ಆನ್‌ಲೈನ್ ಅಂಗಡಿ ನಡೆಸುವವಳು, ಫೋನಿನ ಕೆಲಸ ಗೊತ್ತು. ದಿನವಿಡೀ ಮಾತು ಕೇಳಿಸಿಕೊಂಡು, ಅದನ್ನು ಬರಹ ಮಾಡಿ, ಸಂಜೆಗೆ ಸಾರಾಂಶ ಕೊಡುವ ಒಂದು ಆ್ಯಪ್ ಹಾಕಿದೆ. ಸಾರಾಂಶ ಅಣ್ಣನಿಗೂ ತಂಗಿಗೂ ತಾನಾಗಿಯೇ ಹೋಗುವ ಹಾಗೆ ಇಟ್ಟೆ.

ಒಂದು ದಿನ ಪಕ್ಕದ ಮನೆಯ ಚಿಗವ್ವ ಬಂದು ಅಪ್ಪನ ಹತ್ತಿರ ಕಷ್ಟ ಹೇಳಿಕೊಂಡರು. ಗಂಡನ ಮನೆಯವರಿಗೆ ತಿಳಿಸದೆ ಅವರ ಮಗಳು ಬಂಗಾರ ಒತ್ತೆ ಇಟ್ಟಿದ್ದಳು. ಅಪ್ಪ ಸಂಜೆಗೆ ಅದನ್ನು ಮರೆತರು. ಫೋನ್ ಮರೆಯಲಿಲ್ಲ. ಸಾರಾಂಶದಲ್ಲಿ ಒಂದು ಸಾಲು ಬಂತು, ಮೂರು ಮನೆಗೆ ಹೋಯಿತು, ಹದಿನೈದು ದಿನದಲ್ಲಿ ಓಣಿಗೆ ಗೊತ್ತಾಯಿತು. ಚಿಗವ್ವ ನಮ್ಮ ಹೊಸ್ತಿಲಲ್ಲೇ ನಿಂತು, "ನಿಮ್ಮಪ್ಪನ ಮುಂದ ಹೇಳಿದ್ದೆ ಯವ್ವಾ, ಊರ ಮುಂದ ಅಲ್ಲ" ಅಂದರು. ಆ್ಯಪ್ ಕೆಟ್ಟಿರಲಿಲ್ಲ. ನಾನು ಹೇಳಿದ್ದನ್ನೇ ಮಾಡಿತ್ತು. ತಪ್ಪು ನನ್ನದೇ.

ಹಾಗಂತ ಈ ಸಾಧನಗಳೇ ಬೇಡ ಅಂತ ನಾನು ಹೇಳಲಾರೆ. ಮೈಕ್ರೋಸಾಫ್ಟ್‌ನ ಕೇಂಬ್ರಿಡ್ಜ್ ಸಂಶೋಧಕರು ಸೆನ್ಸ್‌ಕ್ಯಾಮ್ ಅನ್ನೋ ಕೊರಳ ಕ್ಯಾಮೆರಾ ಮಾಡಿದ್ದರು. ತಾನಾಗಿಯೇ ಫೋಟೋ ತೆಗೆಯುತ್ತಾ ಹೋಗುವಂಥದ್ದು. ನೆನಪು ಕಳೆದುಕೊಂಡವರು ಆ ಫೋಟೋಗಳನ್ನು ಮತ್ತೆ ಮತ್ತೆ ನೋಡಿದಾಗ ಅವರಿಗೆ ನಿಜಕ್ಕೂ ಸಹಾಯವಾಯಿತು. ಅಪ್ಪನಿಗೂ ಆಗಿದೆ. ಆದರೆ ಹಚ್ಚುವ ರೀತಿ ಬೇರೆ ಇರಬೇಕಿತ್ತು. ಈಗ ನಮ್ಮ ಮನೆಯಲ್ಲಿ ಹೀಗೆ ಮಾಡುತ್ತೇವೆ.

ಮೊದಲು ಫೋನ್ ಮುಟ್ಟಬೇಡಿ, ಒಂದು ಹಾಳೆ ತೊಗೊಳ್ಳಿ. ಯಾವುದು ಮರೆತರೆ ನಿಜಕ್ಕೂ ತೊಂದರೆ ಅಂತ ಮರೆಯುವವರನ್ನೇ ಕೇಳಿ ಬರೆಯಿರಿ. ಅಪ್ಪ ಹೇಳಿದ್ದು ನಾಲ್ಕೇ: ಗುಳಿಗೆ ತೊಗೊಂಡೆನಾ, ಬೀಗದ ಕೈ ಎಲ್ಲಿ, ಹಾಲಿನವನಿಗೆ ದುಡ್ಡು ಕೊಟ್ಟೆನಾ, ಡಾಕ್ಟರ್ ಏನಂದರು. ಇದರಲ್ಲಿ ದಿನವಿಡೀ ಕೇಳಿಸಿಕೊಳ್ಳಬೇಕಾದದ್ದು ಒಂದೂ ಇಲ್ಲ, ಅಲ್ವಾ? ಗುಳಿಗೆಗೆ ಅಲಾರಂ ಸಾಕು. ಬೀಗದ ಕೈಗೆ ಗೋಡೆಯ ಮೊಳೆ ಸಾಕು. ಡಾಕ್ಟರ್ ಮಾತಿಗೆ ಮಾತ್ರ ರೆಕಾರ್ಡಿಂಗ್ ಬೇಕು, ಅದೂ ಅವರನ್ನು ಕೇಳಿ, ಹತ್ತು ನಿಮಿಷ. ಸುಮ್ನೆ ಎಲ್ಲವನ್ನೂ ಕೂಡಿಡುವ ಆಸೆ ಬಿಟ್ಟರೆ ಅರ್ಧ ಅಪಾಯ ಅಲ್ಲೇ ಕಡಿಮೆಯಾಗುತ್ತದೆ. ಇಲ್ಲದ ರೆಕಾರ್ಡಿಂಗನ್ನು ಯಾರೂ ಕದಿಯಲಾರರು.

ಆಮೇಲೆ ಮಾತು ಎಲ್ಲಿಗೆ ಹೋಗುತ್ತದೆ ನೋಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಕೂಡ ಆರಿಸಿ, ಒಂದು ನಿಮಿಷ ಮಾತಾಡಿ. ಬರಹ ಬಾರದಿದ್ದರೆ ನಿಮ್ಮ ದನಿ ಕಂಪನಿಯ ಕಂಪ್ಯೂಟರಿಗೆ ಹೋಗಿ ಬರುತ್ತಿದೆ ಅಂತ ತಿಳಿಯಿರಿ. ಬರಹ ಬಂದರೂ ಪೂರ್ತಿ ನಂಬಬೇಡಿ, ನೆಟ್ ಸಿಕ್ಕ ಮೇಲೆ ಕಳಿಸಬಹುದು. ಸೆಟ್ಟಿಂಗ್‌ನಲ್ಲಿ ಬ್ಯಾಕಪ್ ಇದೆಯಾ, ಹಂಚಿಕೆ ಯಾರ ಜೊತೆ ಇದೆ ಅಂತ ಎರಡೂ ನೋಡಿ. ಗೂಗಲ್ ಖಾತೆಯ ಚಟುವಟಿಕೆ ತಾನಾಗಿಯೇ ಅಳಿಯುವ ಹಾಗೆ ಇಡಬಹುದು: 3 ತಿಂಗಳು, 18 ತಿಂಗಳು, 36 ತಿಂಗಳು ಅಂತ ಆಯ್ಕೆ ಇದೆ. ಅಪ್ಪನದಕ್ಕೆ ನಾನು 3 ಇಟ್ಟಿದ್ದೇನೆ.

ಮನೆಗೆ ಬಂದವರ ವಿಷಯಕ್ಕೆ ಜಾಸ್ತಿ ಗಮನ ಕೊಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ಒಬ್ಬರು ತಮ್ಮ ಮನೆಯ ಬಳಕೆಗೆ ಇಟ್ಟುಕೊಳ್ಳುವ ಮಾಹಿತಿಗೆ ಅನ್ವಯಿಸುವುದಿಲ್ಲ. ಅಂದರೆ ನನ್ನ ಅಪ್ಪನ ಫೋನಿನಿಂದ ಚಿಗವ್ವನ ಮಾತನ್ನು ಕಾಯೋದು ಆ ಕಾಯ್ದೆ ಅಲ್ಲ, ನಾವು. ನಮ್ಮಲ್ಲಿ ಈಗ ಫೋನ್ ಅಂಗಿಯ ಜೇಬಿನಲ್ಲಿ ಇರುವುದಿಲ್ಲ. ಪಡಸಾಲೆಯ ಗೂಡಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇರುತ್ತದೆ. ಮೈಕ್ ಅನುಮತಿಯನ್ನು "ಆ್ಯಪ್ ಬಳಸುವಾಗ ಮಾತ್ರ" ಅಂತ ಇಟ್ಟಿದ್ದೇನೆ. ಯಾರಾದರೂ ಬಂದರೆ ಅಪ್ಪನೇ, "ಇದು ಬಂದ್ ಐತಿ ನೋಡ್ರಿ, ಕೂಡ್ರಿ" ಅನ್ನುತ್ತಾರೆ. ಎಷ್ಟೋ ಮರೆತರೂ ಇದನ್ನು ಮಾತ್ರ ಅವರು ಒಂದು ದಿನವೂ ಮರೆತಿಲ್ಲ. ಅಣ್ಣ ತಂಗಿಗೆ ಹೋಗುತ್ತಿದ್ದ ಸಾರಾಂಶ ನಿಲ್ಲಿಸಿದೆ. ಬೇಕಾದ ಸಾಲನ್ನು ನಾನೇ ಓದಿ ಫೋನಿನಲ್ಲಿ ಹೇಳುತ್ತೇನೆ.

ಇನ್ನು ಗ್ಯಾಲರಿ. ಮರೆಯುವವರು ಎಲ್ಲದರ ಫೋಟೋ ತೆಗೆದಿಡುತ್ತಾರೆ. ಗೂಗಲ್ ಫೋಟೋಸ್ ಚಿತ್ರದೊಳಗಿನ ಅಕ್ಷರವನ್ನೂ ಓದುತ್ತದೆ. ಹುಡುಕುವ ಜಾಗದಲ್ಲಿ ಆಧಾರ್, ಪಾಸ್‌ಬುಕ್ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ನೋಡಿ. ಅಪ್ಪನ ಫೋನಿನಲ್ಲಿ 11 ಚಿತ್ರ ಬಂದವು. ಒಂದರಲ್ಲಿ ಎಟಿಎಂ ಕಾರ್ಡ್, ಅದರ ಮೇಲೆ ಪೆನ್ನಿನಲ್ಲಿ ಬರೆದ ಪಿನ್. ನನ್ನ ಎದೆ ಧಸಕ್ ಅಂತು. ಫೋನ್ ಕದ್ದವರಿಗೆ ಅಷ್ಟೇ ಸಾಕು! ಬೇಕಾದ ಎರಡನ್ನು ಲಾಕ್ ಮಾಡಿದ ಫೋಲ್ಡರಿಗೆ ಹಾಕಿದೆ, ಉಳಿದದ್ದನ್ನು ಅಳಿಸಿ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಆಧಾರ್ ತೋರಿಸಬೇಕಾದ ಕಡೆಗೆ ಮೊದಲ 8 ಅಂಕಿ ಮುಚ್ಚಿರುವ ಮಾಸ್ಕ್ ಆಧಾರ್ ಇಳಿಸಿಕೊಟ್ಟೆ. ಪಿಂಚಣಿ ಬರುವ ಖಾತೆಗೆ ಈಗ ಫೋನಿನ ಪಾವತಿ ಇಲ್ಲ. ಅಪ್ಪನ ಕೈಖರ್ಚಿಗೆ ಬೇರೆ ಖಾತೆ ಇದೆ, ಅದರಲ್ಲಿ ಎರಡು ಸಾವಿರಕ್ಕಿಂತ ಜಾಸ್ತಿ ಇಡುವುದಿಲ್ಲ. ನನ್ನ ಅಂಗಡಿಯಲ್ಲೂ ಗಿರಾಕಿಗಳು ವಾಟ್ಸಾಪಿಗೆ ಕಳಿಸಿದ ಕಾಗದವನ್ನು ಅರ್ಜಿ ಹಾಕಿದ ಮೇಲೆ ಅವರ ಎದುರೇ ಅಳಿಸುತ್ತೇನೆ. ನೀವು ಬೇರೆ ಅಂಗಡಿಗೆ ಹೋದರೂ ನಿಂತು ಅಳಿಸಿ ಅಂತ ಕೇಳಿ, ಸಂಕೋಚ ಬೇಡ.

ಹೊಸ ಕಂಪ್ಯೂಟರ್ ಕೊಳ್ಳುವವರಿಗೆ ಒಂದು ಮಾತು. ಮೈಕ್ರೋಸಾಫ್ಟ್ 2024ರ ಮೇ ತಿಂಗಳಲ್ಲಿ ರೀಕಾಲ್ ಅನ್ನೋ ಸೌಲಭ್ಯ ಪ್ರಕಟಿಸಿತು. ಪರದೆಯ ಮೇಲೆ ಕಾಣುವುದನ್ನೆಲ್ಲ ಕೆಲವು ಸೆಕೆಂಡಿಗೊಮ್ಮೆ ಚಿತ್ರ ತೆಗೆದಿಟ್ಟು, ಆಮೇಲೆ ಹುಡುಕಿಕೊಡುವುದು ಅದರ ಕೆಲಸ. ಆಗಿನ ಪರೀಕ್ಷಾ ಆವೃತ್ತಿಯಲ್ಲಿ ಆ ಚಿತ್ರಗಳಿಂದ ತೆಗೆದಿಟ್ಟ ಬರಹ ಬೇರೆಯವರಿಗೂ ಸುಲಭವಾಗಿ ಓದಲು ಸಿಗುತ್ತದೆ ಅಂತ ಭದ್ರತಾ ತಜ್ಞರು ತೋರಿಸಿದರು. ಕಂಪನಿ ಬಿಡುಗಡೆ ಮುಂದೂಡಿ, ಕಾವಲು ಬಿಗಿ ಮಾಡಿ, ನಾವೇ ಒಪ್ಪಿ ಆನ್ ಮಾಡಿದರೆ ಮಾತ್ರ ನಡೆಯುವ ಹಾಗೆ ಬದಲಿಸಿ 2025ರಲ್ಲಿ ಕೊಟ್ಟಿತು. ಇದು ಕೋಪೈಲಟ್ ಪ್ಲಸ್ ಅನ್ನೋ ಕಂಪ್ಯೂಟರುಗಳಲ್ಲಿ ಮಾತ್ರ ಇದೆ. ನನ್ನಂಥ ಅಂಗಡಿಯವರು ಅದನ್ನು ಆನ್ ಮಾಡಲೇಬಾರದು. ಆ ಪರದೆಯ ಮೇಲೆ ಬರೋದು ನಮ್ಮ ಕಾಗದ ಅಲ್ಲ, ಊರವರದು.

ನೆನಪನ್ನು ಒಂದೇ ಕಂಪನಿಯ ಕೈಗೆ ಬಿಡಬೇಡಿ. ಎದೆಗೆ ಸಿಕ್ಕಿಸಿಕೊಂಡು, ಮಾತಿನಲ್ಲೇ ಕೇಳಿ ಉತ್ತರ ಪಡೆಯುವ ಹ್ಯುಮೇನ್ ಎಐ ಪಿನ್ ಅಂತ ಒಂದು ಸಾಧನ ಅಮೆರಿಕದಲ್ಲಿತ್ತು. 2025ರ ಫೆಬ್ರವರಿ 28ಕ್ಕೆ ಅದರ ಸೇವೆ ನಿಂತಿತು. ಅದಕ್ಕೆ ಮುಂಚೆ ಇಳಿಸಿಕೊಳ್ಳದವರ ಮಾಹಿತಿ ಹೋಯಿತು. ಬೇಕಾದದ್ದನ್ನು ತಿಂಗಳಿಗೊಮ್ಮೆ ಇಳಿಸಿ ಪೆನ್‌ಡ್ರೈವಿಗೆ ಹಾಕಿ, ಬೀರುವಿನಲ್ಲಿಡಿ.

ತಪ್ಪು ನೆನಪು ಕೂಡ ಅಪಾಯವೇ. ನಮ್ಮ ಕಡೆ ಮಾತಿನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಬರುತ್ತವೆ. ಡಾಕ್ಟರ್ "ಅರ್ಧ ಗುಳಿಗೆ" ಅಂದದ್ದನ್ನು ಆ್ಯಪ್ ಒಮ್ಮೆ "ಎರಡು ಗುಳಿಗೆ" ಅಂತ ಬರೆದಿತ್ತು. ಚೀಟಿ ನೋಡಿದ್ದರಿಂದ ಉಳಿದೆವು. ಔಷಧಿಗೆ ಡಾಕ್ಟರ್ ಚೀಟಿಯೇ ಪ್ರಮಾಣ. ಹಂಚಿಕೊಂಡ ಬರಹ ಇದ್ದರೆ ಉಳಿದವರಿಗೆ ಓದಲು ಮಾತ್ರ ಅನುಮತಿ ಕೊಡಿ, ತಿದ್ದಲು ಬೇಡ.

*#06# ಒತ್ತಿದರೆ ಬರುವ ಐಎಂಇಐ ನಂಬರನ್ನು, ಅಂದರೆ ಆ ಫೋನಿನ ಗುರುತಿನ ನಂಬರನ್ನು, ಕಾಗದದ ಮೇಲೆ ಬರೆದಿಡಿ. ಫೋನ್ ಕಳೆದರೆ ಪೊಲೀಸರಿಗೆ ದೂರು ಕೊಟ್ಟು, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಆ ಫೋನನ್ನೇ ಬಂದ್ ಮಾಡಿಸಬಹುದು. ಮೋಸದಿಂದ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಅಳಿಸುವ ಕೆಲಸಕ್ಕೆ ಒಂದು ದಿನ ಗೊತ್ತು ಮಾಡಿ. ನಾವು ಅಮಾವಾಸ್ಯೆ ಇಟ್ಟುಕೊಂಡಿದ್ದೇವೆ, ಅಂಗಡಿ ತೊಳೆದು ಪೂಜೆ ಮಾಡುವ ದಿನ. ಸಂಜೆ ಅಪ್ಪ ಮತ್ತು ನಾನು ಕೂತು ತಿಂಗಳ ರೆಕಾರ್ಡಿಂಗ್ ಕೇಳುತ್ತೇವೆ. ಇಡಬೇಕಾದದ್ದು ಯಾವುದು ಅಂತ ಅಪ್ಪನೇ ಹೇಳಬೇಕು. ಹೋದ ಅಮಾವಾಸ್ಯೆ 9 ಇದ್ದವು. ಡಾಕ್ಟರ್ ಮಾತಿನದು ಎರಡು ಉಳಿಸಿದರು. ಇನ್ನೊಂದು, ಮೊಮ್ಮಗಳಿಗೆ ಭತ್ತದ ಚೀಲದ ಲೆಕ್ಕ ಹೇಳಿಕೊಟ್ಟದ್ದು.