ಓಪನ್ ಮಾಡಿದ ಸಿಲಿಕಾನ್ ಟ್ಯೂಬ್ ಮಳೆಗಾಲ ದಾಟಿದ್ದು ಹೀಗೆ

ಮೇ ಕೊನೆಯಲ್ಲಿ ಓಪನ್ ಮಾಡಿದ ಒಂದು ಬ್ರೌನ್ ಸಿಲಿಕಾನ್ ಟ್ಯೂಬನ್ನು (ಗ್ಲಾಸ್ ಮತ್ತು ಚೌಕಟ್ಟಿನ ನಡುವಿನ ಸಂದು ಮುಚ್ಚುವ ಅಂಟು, ಅಂದರೆ ಸೀಲೆಂಟ್) ಈ ಸಲ ಚೌತಿ ಕಳೆದ ಮೇಲೆ ಬಳಸಿದೆ. ಹೊಸದರ ಹಾಗೆಯೇ ಬಂತು, ಹೊಸದರ ಹಾಗೆಯೇ ಹಿಡಿಯಿತು. ಮಧ್ಯೆ ಮಂಗಳೂರಿನ ಮಳೆಗಾಲ ಪೂರ್ತಿ ಇತ್ತು. ಅಲ್ಯೂಮಿನಿಯಂ ಕಿಟಕಿ ಕೆಲಸ ಮಾಡುವವರಿಗೆ ಇದು ಎಂಥ ವಿಷಯ ಅಂತ ಬಿಡಿಸಿ ಹೇಳಬೇಕಾಗಿಲ್ಲ.

"ಓಪನ್ ಮಾಡಿದ್ದನ್ನು ಉಳಿಸುವುದೆಲ್ಲ ಆಗುವ ಹೋಗುವ ಕೆಲಸ ಅಲ್ಲ ಮಾರಾಯ್ರೇ, ಹೊಸತು ತಕೊಂಡು ಹೋಗಿ" ಎಂದು ಹಾರ್ಡ್‌ವೇರ್ ಅಂಗಡಿಯವರು ನಕ್ಕಿದ್ದರು. ಟ್ಯೂಬ್ ಮಾರುವವರು ಬೇರೆ ಏನು ಹೇಳುತ್ತಾರೆ? ಆದರೆ ನಮ್ಮ ಲೈನಿನ ಹಳಬರೂ ಅದನ್ನೇ ಹೇಳಿದ್ದರು. ಅರ್ಧ ಟ್ಯೂಬ್ ಅಂದರೆ ಕಸ, ಅಷ್ಟೇ.

ಕಸ ಆಗುವುದು ಬಣ್ಣದ ದೆಸೆಯಿಂದ. ಒಬ್ಬರಿಗೆ ಬ್ರೌನ್ ಬೇಕು, ಇನ್ನೊಬ್ಬರಿಗೆ ಬಿಳಿ, ಬಾತ್‌ರೂಮಿಗೆ ಕ್ಲಿಯರ್, ಪೌಡರ್ ಕೋಟಿಂಗ್ ಮಾಡಿದ ಅಲ್ಯೂಮಿನಿಯಂ ಪಟ್ಟಿಗೆ ಗ್ರೇ. ಕನ್ನಡಿ, ಮಾರ್ಬಲ್ ಬಂದರೆ ವಿನೆಗರ್ ವಾಸನೆಯ ಮಾಲು ನಡೆಯುವುದಿಲ್ಲ, ಆಮ್ಲ ಬಿಡದ ನ್ಯೂಟ್ರಲ್ ಬೇಕು, ಅದಕ್ಕೆ ರೇಟು ಜಾಸ್ತಿ. ಒಂದು ಸೈಟಿಗೆ ಅರ್ಧ ಸಾಕು, ಉಳಿದರ್ಧ ಟ್ಯೂಬ್ ಒತ್ತುವ ಗನ್ನಿನಲ್ಲೇ ಗಟ್ಟಿ. ಸಾದಾ ಟ್ಯೂಬಿಗೇ ನಾನು ಸುಮಾರು 180–200 ರೂಪಾಯಿ ಕೊಡುತ್ತೇನೆ. ತಿಂಗಳಿಗೆ ಹತ್ತು ಹನ್ನೆರಡು ಅರ್ಧ ಟ್ಯೂಬ್ ಬಿಸಾಡುತ್ತಿದ್ದೆ. ಸಾವಿರ ರೂಪಾಯಿ ಮೇಲೆಯೇ ಹೋಯಿತು. ಕಾಲು ಟ್ಯೂಬ್ ಗ್ರೇಗಾಗಿ ಪೇಟೆಗೆ ಓಡುವ ಪೆಟ್ರೋಲ್ ಬೇರೆ.

ಎಲ್ಲರೂ ಮಾಡುವುದನ್ನೆಲ್ಲ ನಾನೂ ಮಾಡಿ ನೋಡಿದ್ದೇನೆ. ನಾಝಲ್ (ಟ್ಯೂಬಿನ ಬಾಯಿಗೆ ತಿರುಗಿಸಿ ಹಾಕುವ ಉದ್ದ ಕೊಳವೆ) ತುದಿಗೆ ಮೊಳೆ: ತುಕ್ಕು ಹಿಡಿದು ಒಳಗೇ ಕೂತಿತು, ಬದಿಯಿಂದ ಗಾಳಿ ಹೋಗಿ ನಾಝಲ್ ಗಟ್ಟಿ. ದಪ್ಪ ಥ್ರೆಡ್‌ನ ಸ್ಕ್ರೂ ಸ್ವಲ್ಪ ವಾಸಿ, ಗಟ್ಟಿಯಾದ ತುಂಡನ್ನಾದರೂ ಕಚ್ಚಿಕೊಂಡು ಬರುತ್ತದೆ. ಸೆಲ್ಲೋಟೇಪ್ ಜೂನ್‌ನ ತೇವಕ್ಕೆ ತಾನಾಗಿಯೇ ಬಿಟ್ಟುಕೊಂಡಿತು. ಬಲೂನ್ ಎರಡು ವಾರ ತಡೆಯಿತು, ಆಮೇಲೆ ಇಲ್ಲ. ತುದಿಗೆ ವ್ಯಾಸಲೀನ್ ತುಂಬಿದಾಗ ಸಿಲಿಕಾನ್ ಮೆತ್ತಗೇ ಇತ್ತು, ಆದರೆ ಮೊದಲು ಬಂದ ಒಂದಡಿ ಲೈನು ಗ್ಲಾಸಿಗೆ ಹಿಡಿಯಲೇ ಇಲ್ಲ, ಬೆರಳಲ್ಲಿ ಎತ್ತಿದರೆ ದಾರದಂತೆ ಎದ್ದು ಬಂತು. ಜಿಡ್ಡಿನ ಮೇಲೆ ಸಿಲಿಕಾನ್ ಎಲ್ಲಿ ಕೂರುತ್ತದೆ? ಇನ್ನೊಬ್ಬರು ನಾಝಲನ್ನು ನೀರಿನಲ್ಲಿ ಅದ್ದಿಡಲು ಹೇಳಿದರು. ಸಿಲಿಕಾನ್ ಗಟ್ಟಿಯಾಗುವುದೇ ಗಾಳಿಯ ತೇವದಿಂದ, ಅಲ್ವಾ? ಆ ಉಪಾಯ ನೀರು ಆರಿ ಗಟ್ಟಿಯಾಗುವ ಅಕ್ರಿಲಿಕ್ ಸೀಲೆಂಟ್‌ಗೆ ಸರಿ. ಅಕ್ರಿಲಿಕ್ ಟ್ಯೂಬಿನ ಬಾಯಿಗೆ ಒದ್ದೆ ಹತ್ತಿ ಇಟ್ಟು ಮೇಲೆ ಕವರ್ ಕಟ್ಟಿ ನೋಡಿ, ಚೆನ್ನಾಗಿ ಉಳಿಯುತ್ತದೆ. ಎರಡಕ್ಕೂ ಒಂದೇ ಮದ್ದು ಮಾಡಿದರೆ ಕೆಟ್ಟಿತು.

ನನಗೆ ದಾರಿ ಸಿಕ್ಕಿದ್ದು ಹಾಳಾದ ಟ್ಯೂಬುಗಳನ್ನು ಉದ್ದಕ್ಕೆ ಸೀಳಿ ನೋಡಿದಾಗ. ಮುಂದೆ ಗಟ್ಟಿ ಇರುವುದು ಗೊತ್ತೇ ಇತ್ತು. ಹಿಂದೆಯೂ ಇತ್ತು! ಗನ್ನಿನ ರಾಡ್ ತಳ್ಳುವ ಬಿಲ್ಲೆಯ ಸುತ್ತ ಉಂಗುರದಂತೆ ತೆಳ್ಳನೆ ರಬ್ಬರ್ ಕಟ್ಟಿತ್ತು. ಬಿಲ್ಲೆ ಸ್ವಲ್ಪ ಓರೆ ಕೂತ ಕಡೆ ಅದು ಜಾಸ್ತಿ. ನಾವೆಲ್ಲ ಮುಂಬಾಗಿಲಿಗೆ ಬೀಗ ಹಾಕಿ ಹಿಂಬಾಗಿಲು ತೆರೆದಿಟ್ಟಿದ್ದೆವು.

ಈಗ ನಾನು ಮಾಡುವುದು ಇಷ್ಟು. ಕೆಲಸ ಮುಗಿದ ತಕ್ಷಣ ಗನ್ನಿನ ಹಿಂದಿನ ಪತ್ತಿ ಒತ್ತಿ ರಾಡ್ ಹಿಂದಕ್ಕೆ ಎಳೆಯುತ್ತೇನೆ, ಇಲ್ಲದಿದ್ದರೆ ಸಿಲಿಕಾನ್ ಒಸರುತ್ತಲೇ ಇರುತ್ತದೆ. ನಾಝಲ್ ತಿರುಗಿಸಿ ತೆಗೆಯುತ್ತೇನೆ. ತುಂಬಾ ಜನ ನಾಝಲನ್ನು ಟ್ಯೂಬಿನಲ್ಲೇ ಬಿಟ್ಟು ತುದಿ ಮುಚ್ಚಲು ಒದ್ದಾಡುತ್ತಾರೆ, ಸುಮ್ನೆ. ಟ್ಯೂಬಿನ ಬಾಯಿಯಲ್ಲಿ ಸಿಲಿಕಾನ್ ಅಂಚಿನವರೆಗೆ ತುಂಬಿರಬೇಕು, ಗುಳಿ ಇರಬಾರದು. ಅದರ ಮೇಲೆ ತೊಳೆದು ಒಣಗಿಸಿದ ನಂದಿನಿ ಹಾಲಿನ ಪ್ಯಾಕೆಟ್ಟಿನ ತುಂಡು, ಎರಡು ಪದರ. ಆ ಪ್ಲಾಸ್ಟಿಕ್ಕಿಗೆ ಸಿಲಿಕಾನ್ ಅಂಟುವುದಿಲ್ಲ, ಸಾಕಷ್ಟು ದಪ್ಪವೂ ಇದೆ. ಅದರ ಮೇಲೆ ಹಳೇ ನಾಝಲ್‌ನ ಬುಡ ಬಿಗಿಯುತ್ತೇನೆ. ಬುಡ ಅಂದರೆ, ಒಂದಿಂಚು ಬಿಟ್ಟು ಉಳಿದದ್ದನ್ನು ಕತ್ತರಿಸಿ, ತೂತಿನಲ್ಲಿ ಸಿಲಿಕಾನ್ ತುಂಬಿ ಗಟ್ಟಿಯಾಗಲು ಬಿಟ್ಟದ್ದು. ಖರ್ಚಿಲ್ಲದ ಮುಚ್ಚಳ. ಇಂಥವು ನನ್ನ ಬ್ಯಾಗಿನಲ್ಲಿ ಒಂದು ಹಿಡಿ ಇರುತ್ತವೆ.

ಬಿಚ್ಚಿದ ನಾಝಲನ್ನು ಕಡ್ಡಿಯಿಂದ ಆದಷ್ಟು ಖಾಲಿ ಮಾಡಿ ಒಂದು ಚೀಲಕ್ಕೆ ಹಾಕುತ್ತೇನೆ. ಕೆಲವು ವಾರ ಬಿಟ್ಟು ಸ್ಕ್ರೂ ಹಾಕಿ ಎಳೆದರೆ ಹಸಿಮೆಣಸಿನ ಆಕಾರದಲ್ಲಿ ಪೂರ್ತಿ ಹೊರಗೆ ಬರುತ್ತದೆ, ನಾಝಲ್ ಕ್ಲೀನ್.

ಇನ್ನು ಹಿಂಭಾಗ. ಬಿಲ್ಲೆ ನೇರ ಇದೆಯಾ ನೋಡಿ, ಅದರ ಅಂಚು ಟ್ಯೂಬಿಗೆ ತಾಗುವಲ್ಲಿ ಸುತ್ತ ಗ್ರೀಸ್ ಹಚ್ಚುತ್ತೇನೆ. ವ್ಯಾಸಲೀನ್ ಆದರೂ ಆಗುತ್ತದೆ, ಇಲ್ಲಿ ಅದು ಲೈನಿಗೆ ಬರುವುದಿಲ್ಲ. ಹಿಂದಿನ ಬಾಯಿಗೂ ಹಾಲಿನ ಪ್ಯಾಕೆಟ್, ಮೇಲೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಉಂಗುರ. ಮಾರ್ಕರ್‌ನಲ್ಲಿ ತಿಂಗಳು ಬರೆದು, ಬಿಗಿ ಮುಚ್ಚಳದ ಖಾಲಿ ಪೇಂಟ್ ಬಕೆಟ್ಟಿಗೆ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಕಾಳು. ನೀಲಿ ಬಣ್ಣದ್ದು ಒಳ್ಳೆಯದು, ತೇವ ಹೀರಿ ಗುಲಾಬಿ ಆದಾಗ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಅಡುಗೆಯ ಬಾಣಲೆ ಬೇಡ, ಆ ಬಣ್ಣ ಹೊಟ್ಟೆಗೆ ಒಳ್ಳೆಯದಲ್ಲ. ಗುಜರಿಗೆ ಹಾಕುವಂಥದ್ದು ಇಟ್ಟುಕೊಳ್ಳಿ. ಬಕೆಟ್ಟಿಗೆ ನಾನು ಇನ್ನೊಂದು ವಸ್ತುವನ್ನೂ ಹಾಕುತ್ತೇನೆ. ಅದು ಏನು ಅಂತ ಹೇಳುವುದಿಲ್ಲ. ಅದಿಲ್ಲದೆಯೂ ಎರಡು ತಿಂಗಳಿಗೆ ಮೋಸ ಇಲ್ಲ.

ಉಳಿಸಿದ ಟ್ಯೂಬನ್ನು ಸೀದಾ ಸೈಟಿನಲ್ಲಿ ಎಳೆಯಬೇಡಿ. ಮೊದಲು ಗ್ಲಾಸ್ ತುಂಡಿನ ಮೇಲೆ ಒಂದು ಗೆರೆ. ಕಾಲು ಗಂಟೆ, ಹೆಚ್ಚೆಂದರೆ ಅರ್ಧ ಗಂಟೆಯಲ್ಲಿ ಮೇಲೆ ಚರ್ಮ ಕಟ್ಟಬೇಕು, ಮರುದಿನ ಉಗುರಲ್ಲಿ ಕೆರೆದರೆ ಏಳಬಾರದು. ಅಂಟಂಟಾಗಿಯೇ ಉಳಿದರೆ ಬಿಸಾಡಿ, ಹೆಚ್ಚಾಗಿ ಡೇಟ್ ಮೀರಿದ ಮಾಲು ಅದು. ಫಿಶ್ ಟ್ಯಾಂಕಿಗೆ, ಹೊರಗೋಡೆಯ ದೊಡ್ಡ ಗ್ಲಾಸಿಗೆ ನಾನು ಹಳೇ ಟ್ಯೂಬ್ ಮುಟ್ಟುವುದೇ ಇಲ್ಲ.

ಇದು ಗೆದ್ದ ಮೇಲೆ ಕೈ ಸುಮ್ಮನಿರಲಿಲ್ಲ. ಫೆವಿಕ್ವಿಕ್‌ಗೂ ತೇವವೇ ಶತ್ರು. ದೊಡ್ಡ ಬಾಟಲಿಯನ್ನು ಜೆಲ್ ಜೊತೆ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟೆ. ತಿಂಗಳುಗಟ್ಟಲೆ ಬಂತು. ಹೊರಗೆ ತೆಗೆದ ತಕ್ಷಣ ಮುಚ್ಚಳ ತೆರೆಯಬಾರದು, ತಣ್ಣಗಿನ ಬಾಟಲಿಗೆ ಹನಿ ಕಟ್ಟುತ್ತದೆ. ಒಂದು ಗಂಟೆ ಹೊರಗಿರಲಿ. ಮನೆಯಲ್ಲಿ ಹೆಂಡತಿ "ಮೊಸರಿನ ಪಕ್ಕ ಇದೆಂಥದು" ಅಂತ ಕೇಳಿದ ಮೇಲೆ ಐದು ರೂಪಾಯಿಯ ಸಣ್ಣ ಟ್ಯೂಬಿಗೇ ವಾಪಸ್ ಬಂದೆ. ಲೆಕ್ಕ ಹಾಕಿದರೂ ಅದೇ ಸರಿ. ಪೈಪ್ ಅಂಟಿಸುವ ಸಾಲ್ವೆಂಟ್ ಸಿಮೆಂಟ್ ಬೇರೆ ಜಾತಿ, ಅದರಲ್ಲಿ ಹಾರುವುದು ಸಾಲ್ವೆಂಟ್, ಅಂದರೆ ಅದನ್ನು ಕರಗಿಸಿಟ್ಟ ದ್ರವ. ಡಬ್ಬಿಯ ಅಂಚು ಒರೆಸಿ ಬಿಗಿ ಮುಚ್ಚಿದರೆ ಸಾಕು, ಜೆಲ್ಲಿ ಆದದ್ದಕ್ಕೆ ಥಿನ್ನರ್ ಹಾಕಿ ಎಳೆಯಬೇಡಿ, ಜಾಯಿಂಟ್ ಬಿಡುತ್ತದೆ.

ಪಿಯು (ಪಾಲಿಯುರೆಥೇನ್) ಸೀಲೆಂಟ್ ಉಳಿಸುವುದು ಮಾತ್ರ ನನ್ನ ಕೈಯಲ್ಲಿ ಆಗಲಿಲ್ಲ. ಹಾಲಿನ ಪ್ಯಾಕೆಟ್, ಗ್ರೀಸ್, ಬಕೆಟ್ ಎಲ್ಲ ಅದೇ, ಆದರೂ ಎರಡು ಮೂರು ವಾರದಲ್ಲಿ ಒಳಗೆ ಕಲ್ಲು. ಮಳೆಗಾಲದಲ್ಲಿ ಅರ್ಧ ಪಿಯು ಟ್ಯೂಬನ್ನು ಎರಡು ತಿಂಗಳು ಉಳಿಸಿದವರು ಯಾರಾದರೂ ಇದ್ದರೆ ಹೇಗೆ ಅಂತ ಹೇಳಿ. ಬಕೆಟ್ಟಿಗೆ ಹಾಕುವ ಆ ಇನ್ನೊಂದು ವಸ್ತು ಯಾವುದು ಅಂತ ನಾನೂ ಹೇಳುತ್ತೇನೆ.